ಮೈಲುತುತ್ತ ತಿಂದ ಸೈಡ್‌ಕಾರು

2024ರ ಜೂನ್ ಕೊನೆಯ ವಾರ. ಆರಿದ್ರೆ ಮಳೆ ಹನಿ ಕಡಿಯದೆ ಹೊಯ್ಯುತ್ತಿತ್ತು. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿರುವ ನಮ್ಮ ಲೇತ್ ಶಾಪಿನ ಮುಂದೆ ಒಂದು ಪಿಕಪ್ ಬಂದು ನಿಂತಿತು. ಮೇಲೆ ನೀಲಿ ಟಾರ್ಪಾಲು, ಟಾರ್ಪಾಲಿನಡಿ ಗೋಣಿಚೀಲ, ಗೋಣಿಯಡಿ ಒಂದು ಮೋಟಾರ್ ಸೈಕಲ್ಲು. ಪಕ್ಕಕ್ಕೆ ಜೋಡಿಸುವ ಒಂಟಿ ಚಕ್ರದ ತೊಟ್ಟಿಲು, ಅಂದರೆ ಸೈಡ್‌ಕಾರನ್ನು ಬೇರೆ ಬಿಚ್ಚಿ ಮಗುಚಿ ಹಾಕಿದ್ದರು. ಅದರ ಹೊಟ್ಟೆಯೊಳಗೆ ಎರಡು ಚೀಲ ಬಿಡಿಭಾಗ, ಒಂದು ಹಾವಿನ ಪೊರೆ.

ತಂದವರು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರರು, ಅರವತ್ತರ ಆಸುಪಾಸು. ಹೆಸರು ಬೇಡ, ಯಜಮಾನರು ಎಂದಿಟ್ಟುಕೊಳ್ಳೋಣ. ಇಳಿದವರೇ ಕೇಳಿದ್ದು ಇಷ್ಟು: "ಇದ್ರಲ್ಲಿ ಎಂತಾದ್ರೂ ಉಂಟಾ ಮಾರಾಯ್ರೆ, ಅಲ್ಲ ಗುಜರಿಗೇ ಹಾಕೂದಾ?"

ಎಂಜಿನ್ನಿನ ಎಡಗಡೆ ಮೆತ್ತಿದ್ದ ಕರಿಯನ್ನು ಡೀಸೆಲ್ ಬಟ್ಟೆಯಿಂದ ಒರೆಸಿದೆ. ಡಬ್ಲ್ಯೂಎಂ20 ಎಂಬ ಅಕ್ಷರ ಕಂಡವು. ಹ್ಯಾಂಡಲ್ ಕೂರುವ ಲಗ್ಗಿನ (ಕೊಳವೆಗಳನ್ನು ಹಿಡಿದಿಡುವ ಎರಕದ ಜೋಡಣೆಯ) ಮೇಲೂ ಅದೇ. ಅಂದರೆ ಇದು ಬ್ರಿಟಿಷ್ ಕಂಪನಿ ಬಿಎಸ್‌ಎಯ ಎಂ20, ಅದೂ ಎರಡನೇ ಮಹಾಯುದ್ಧಕ್ಕೆಂದು ಮಾಡಿದ್ದು. ಬರ್ಮಿಂಗ್‌ಹ್ಯಾಮಿನ ಸ್ಮಾಲ್ ಹೀತ್ ಕಾರ್ಖಾನೆಯಿಂದ ಯುದ್ಧದ ವರ್ಷಗಳಲ್ಲಿ ಇಂಥವು 1,26,000ಕ್ಕೂ ಮಿಕ್ಕಿ ಹೊರಬಿದ್ದವು. 82 ಮಿ.ಮೀ. ಬೋರು (ಸಿಲಿಂಡರಿನ ವ್ಯಾಸ), 94 ಮಿ.ಮೀ. ಸ್ಟ್ರೋಕು (ಪಿಸ್ಟನ್ ಓಡಾಡುವ ದೂರ), 496 ಸಿಸಿ. ಸೈಡ್ ವಾಲ್ವ್ ಎಂಜಿನ್ನು, ಶಕ್ತಿ ಬರೀ 13 ಎಚ್‌ಪಿ. ಓಡುವುದಕ್ಕಿಂತ ಎಳೆಯುವುದಕ್ಕೆ ಹುಟ್ಟಿದ ಗಾಡಿ. ಕಂಪ್ರೆಷನ್ನು 5:1ರ ಒಳಗೇ ಇರುವುದರಿಂದ ಎಂಥ ಕಳಪೆ ಪೆಟ್ರೋಲು ಹಾಕಿದರೂ ಮುನಿಸಿಕೊಳ್ಳುವುದಿಲ್ಲ. ಯುದ್ಧ ಮುಗಿದ ಮೇಲೆ ಸೈನ್ಯದ ಡಿಸ್ಪೋಸಲ್‌ನಲ್ಲಿ ಇಂಥವು ಸಾಕಷ್ಟು ಹರಾಜಾದವು. ಯಜಮಾನರ ಅಜ್ಜ ಬೆಂಗಳೂರಿಗೆ ಹೋಗಿ ಒಂದನ್ನು ಹಿಡಿದು ತಂದರಂತೆ. ಸೈಡ್‌ಕಾರು ಆಮೇಲೆ ಶಿವಮೊಗ್ಗದಲ್ಲೇ ಕಟ್ಟಿಸಿದ್ದು ಎಂಬುದು ಮನೆಯ ಮಾತು.

ಗುಜರಿಗೆ ಹಾಕುವುದು ಬೇಡ ಎಂದೆ. ಹಾಗೆ ಶುರುವಾದ ಕೆಲಸ ಮುಗಿಯಲು ಹದಿನೆಂಟು ತಿಂಗಳು ಹಿಡಿಯಿತು.

ಯಾವ ಕಾಲಕ್ಕೆ ನಿಲ್ಲಿಸುವುದು?

ಹಳೆಯ ಗಾಡಿಯ ಕೆಲಸ ಹಿಡಿದವರೆಲ್ಲ "ಆ ಕಾಲದ್ದೇ ಪಾರ್ಟು" ಎನ್ನುತ್ತಾರೆ. ಯಾವ ಕಾಲ ಎಂದು ಕೇಳಿದರೆ ತಡವರಿಸುತ್ತಾರೆ. ಈ ಪ್ರಕರಣದಲ್ಲಿ ನಾವು ಮೊದಲು ತಲೆ ಕೆಡಿಸಿಕೊಂಡದ್ದೇ ಈ ಪ್ರಶ್ನೆಗೆ, ಸ್ಪ್ಯಾನರ್ ಕೈಗೆತ್ತಿಕೊಂಡದ್ದು ಆಮೇಲೆ.

ಪೆಟ್ರೋಲ್ ಟ್ಯಾಂಕಿನ ಬಲಬದಿಯಲ್ಲಿ ಬೆಂಕಿಪೊಟ್ಟಣದಷ್ಟು ಜಾಗ ಗುರುತು ಹಾಕಿ, 400 ನಂಬರ್ ವಾಟರ್ ಪೇಪರ್ ನೆನೆಸಿ ಉಜ್ಜುತ್ತ ಕೂತೆ. ಮೇಲಿನದು ಬೆಳ್ಳಿ ಬಣ್ಣ, ಎಪ್ಪತ್ತರ ದಶಕದ ಕೈಚಳಕ. ಅದು ಹೋದರೆ ದಾಳಿಂಬೆ ಕೆಂಪು. ಕೆಂಪಿನಡಿ ಕಪ್ಪು ಎನಾಮಲ್, ಅದರ ಅಂಚಿನಲ್ಲಿ ಕೈಯಲ್ಲಿ ಎಳೆದ ಸಣ್ಣ ಹಳದಿ ಗೆರೆ. ಕಪ್ಪಿನಡಿ ಮಿಲಿಟರಿಯ ಹಸಿರು ಖಾಕಿ. ಅದರ ಕೆಳಗೆ ತಗಡು. ಒಂದು ಅಡಿಕೆ ಮರ ಕೊಯ್ದು ನೋಡಿದಂತೆ, ಒಂದೊಂದು ಸುತ್ತಿಗೂ ಒಂದೊಂದು ಕಾಲ.

ಯಜಮಾನರ ಮಗ ಬೆಂಗಳೂರಲ್ಲಿ ಕೆಲಸದಲ್ಲಿರುವವನು, ರಜೆಗೆ ಬಂದಿದ್ದ. ಅವನಿಗೆ ಖಾಕಿಯೇ ಬೇಕು. ಟ್ಯಾಂಕಿನ ಮೇಲೆ ಬಿಳಿ ಅಕ್ಷರದ ಸೈನ್ಯದ ನಂಬರು, ಹೆಡ್‌ಲೈಟಿಗೆ ಕತ್ತಲೆ ಮುಸುಕು. ಹ್ಯಾಂಡಲ್ಲಿಗೆ ಕ್ಯಾನ್ವಾಸ್ ಹಿಡಿ ಕೂಡ ಬೇಕಂತೆ. 1942ರಲ್ಲಿ ಜಪಾನಿನವರು ಮಲಯಾ ಹಿಡಿದ ಮೇಲೆ ಬ್ರಿಟನ್ನಿಗೆ ರಬ್ಬರು ಸಿಗದೆ ಎಂ20ಗೆ ಕ್ಯಾನ್ವಾಸ್ ಹಿಡಿ, ಕಬ್ಬಿಣದ ಫುಟ್‌ರೆಸ್ಟು ಬಂದವು, ಅದು ನಿಜ. ಹುಡುಗ ಚೆನ್ನಾಗಿಯೇ ಓದಿಕೊಂಡಿದ್ದ. ಆದರೆ ಅದೇ ಉಸಿರಿನಲ್ಲಿ "ಅಂಕಲ್, ಒಳಗಿಂದ 12 ವೋಲ್ಟ್ ಮಾಡಿ, ಸೆಲ್ಫ್ ಸ್ಟಾರ್ಟ್ ಕೊಟ್ಬಿಡಿ" ಎಂದ. ಯಜಮಾನರು ನನ್ನ ಮುಖ ನೋಡಿದರು.

ನನ್ನ ವಾದ ಬೇರೆ ಇತ್ತು. ಈ ಗಾಡಿ ಸೈನ್ಯದಲ್ಲಿದ್ದದ್ದು ಕೆಲವೇ ವರ್ಷ. ಈ ಮನೆಯಲ್ಲಿ ದುಡಿದದ್ದು ಮೂರು ದಶಕ. ಖಾಕಿ ಬಳಿದರೆ ಪಕ್ಕದಲ್ಲಿ ಶಿವಮೊಗ್ಗದ ಸೈಡ್‌ಕಾರು ಹೊಂದುವುದಿಲ್ಲ, ಅದನ್ನು ಬಿಸಾಡಿ ಮಿಲಿಟರಿ ಪೆಟ್ಟಿಗೆ ಸೈಡ್‌ಕಾರಿನ ನಕಲು ಮಾಡಿಸಬೇಕು. ಇರುವ ಅಸಲಿಯನ್ನು ಎಸೆದು ನಕಲಿ ಕಟ್ಟುವುದು ಯಾವ ನ್ಯಾಯ? ಕಪ್ಪು ಎನಾಮಲ್ಲು, ಹಳದಿ ಗೆರೆ ಇದ್ದ ಕಾಲ, ಅಂದರೆ ಸೈಡ್‌ಕಾರು ಜೋಡಿಸಿದ ಐವತ್ತರ ದಶಕಕ್ಕೆ ನಿಲ್ಲಿಸೋಣ ಎಂದೆ.

ಕಾನೂನು ಕೂಡ ನನ್ನ ಕಡೆಗೇ ಇತ್ತು. 2021ರಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ ಗಾಡಿ ಮಾತ್ರ ವಿಂಟೇಜ್. ಚಾಸಿಸ್, ಬಾಡಿ, ಎಂಜಿನ್ ಮಾರ್ಪಡಿಸಿದ್ದರೆ ಆ ಹೆಸರು ಸಿಗದು. ಹೊಸದಾಗಿ ನೋಂದಣಿ ಮಾಡಿಸಿದರೆ ವಿಎ ಸರಣಿಯ ನಂಬರು, 20,000 ರೂಪಾಯಿ ಶುಲ್ಕ. ಮೊದಲೇ ನೋಂದಣಿಯಾಗಿದ್ದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ಅಜ್ಜನ ಹೆಸರಿನ ಆರ್‌ಸಿ ಪುಸ್ತಕ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ, ಜಮೀನಿನ ಪತ್ರಗಳ ನಡುವೆ ಸಿಕ್ಕಿತ್ತು. ಎಂವೈ ಎಂದು ಶುರುವಾಗುವ, ಮೈಸೂರು ರಾಜ್ಯದ ಕಾಲದ ನಂಬರು. ಸೈಡ್‌ಕಾರಿಗೆ ಬೇರೆ ದಾಖಲೆ ಬೇಕೇ ಎಂಬ ಹೆದರಿಕೆ ಯಜಮಾನರಿಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ ವ್ಯಾಖ್ಯೆಯಲ್ಲೇ ಮೋಟಾರ್ ಸೈಕಲ್ ಎಂದರೆ, ಹೆಚ್ಚುವರಿ ಚಕ್ರವಿರುವ, ಬಿಚ್ಚಬಹುದಾದ ಸೈಡ್‌ಕಾರೂ ಸೇರಿ ಎಂದಿದೆ. ತೀರಿಹೋದವರ ಹೆಸರಿನಿಂದ ವಾರಸುದಾರರಿಗೆ ವರ್ಗಾಯಿಸಲು ಫಾರಂ 31. ಕಾಗದದ ಕೆಲಸದ ಬಗ್ಗೆ ಇಷ್ಟು ಸಾಕು.

ಮಗ ಒಪ್ಪಿದ. ಪೂರ್ತಿ ಮನಸ್ಸಿನಿಂದ ಅಲ್ಲ.

ತಾಮ್ರದ ಬಣ್ಣ

ಸೈಡ್‌ಕಾರಿನ ಚಾಸಿಸ್ಸು ನನಗೆ ಗಂಟಲ ಮುಳ್ಳಾಯಿತು. ಎಂಜಿನ್ನು ಕೆಟ್ಟರೆ ಗಾಡಿ ನಿಲ್ಲುತ್ತದೆ ಅಷ್ಟೇ. ಸೈಡ್‌ಕಾರಿನ ಕೊಳವೆ ಮುರಿದರೆ ಕೂತವರು ರಸ್ತೆಗೆ ಬೀಳುತ್ತಾರೆ.

ಮಲೆನಾಡಿನ ಗಾಡಿಗೆ ತುಕ್ಕು ಹೊಸತಲ್ಲ. ಆದರೆ ಇಲ್ಲಿ ತುಕ್ಕು ಎಲ್ಲ ಕಡೆ ಒಂದೇ ಥರ ಇರಲಿಲ್ಲ. ಮುಂಭಾಗದ ಕೊಳವೆಗಳು ಗಟ್ಟಿ. ಹಿಂದಿನ ಕೆಳ ಜೋಡಣೆಯ ಹತ್ತಿರ, ಸೀಟಿನ ಕೆಳಗೆ ಬರುವ ಅಡ್ಡ ಕೊಳವೆ ಮಾತ್ರ ಹಪ್ಪಳದಷ್ಟು ತೆಳು. ಸುತ್ತಿಗೆಯ ಹಿಂಬದಿಯಿಂದ ಮೆಲ್ಲಗೆ ತಟ್ಟಿದರೆ ತೂತು ಬಿತ್ತು. ಚಕ್ಕೆ ಎದ್ದ ಕಡೆ ಒಳಗೆ ನೋಡಿದರೆ ಕೆಂಪು ಹೊಳಪು. ತುಕ್ಕಿನ ಕೆಂಪಲ್ಲ, ಹೊಸ ಪೈಸೆಯ ಹೊಳಪು. ಯಾರೋ ಬ್ರೇಜಿಂಗ್, ಅಂದರೆ ಹಿತ್ತಾಳೆ ಕರಗಿಸಿ ಬೆಸುಗೆ, ಮಾಡಿದ್ದಾರೆ ಎಂದುಕೊಂಡು ಅರ್ಧ ದಿನ ದಾರಿ ತಪ್ಪಿದೆ. ಬ್ರೇಜಿಂಗ್ ಆಗಿದ್ದರೆ ಹಿತ್ತಾಳೆ ಹಳದಿ ಇರಬೇಕು, ಇದು ಅಪ್ಪಟ ತಾಮ್ರದ ಬಣ್ಣ.

ಫೋಟೋ ತೆಗೆದು ಯಜಮಾನರಿಗೆ ಕಳಿಸಿದೆ. ಐದು ನಿಮಿಷದಲ್ಲಿ ಫೋನು ಬಂತು. ನಗುತ್ತಿದ್ದರು. "ಅದು ಮೈಲುತುತ್ತ ಮಾರಾಯ್ರೆ! ಬೋರ್ಡೋ ಮಾಡುವಾಗ ಕತ್ತಿ ಅದ್ದಿ ನೋಡ್ತೇವಲ್ಲ, ಅದೇ ಬಣ್ಣ."

ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಿಲ್ಲ, ಮೈಲುತುತ್ತ ಅಂದರೆ ತಾಮ್ರದ ಸಲ್ಫೇಟು. ಕೊಳೆರೋಗಕ್ಕೆ ಮಳೆಗಾಲದಲ್ಲಿ ಗೊನೆಗೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಹದ ಸರಿಯಾಯಿತೇ ಎಂದು ನೋಡಲು ಉಜ್ಜಿದ ಕತ್ತಿಯ ಅಲಗನ್ನು ಅದ್ದುತ್ತಾರೆ. ಅಲಗಿನ ಮೇಲೆ ತಾಮ್ರ ಕೂತರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಸುಣ್ಣದ ತಿಳಿ ಬೆರೆಸಬೇಕು. ಮೈಲುತುತ್ತದ ನೀರು ಕಬ್ಬಿಣಕ್ಕೆ ತಾಗಿದರೆ ಕಬ್ಬಿಣ ಕರಗಿ ನೀರಿಗೆ ಹೋಗುತ್ತದೆ, ನೀರಿನಲ್ಲಿದ್ದ ತಾಮ್ರ ಅದರ ಜಾಗದಲ್ಲಿ ಕೂರುತ್ತದೆ. ಕತ್ತಿಯ ಮೇಲೆ ಒಂದು ನಿಮಿಷದಲ್ಲಿ ಆಗುವುದು ಈ ಕೊಳವೆಯ ಮೇಲೆ ವರ್ಷಗಟ್ಟಲೆ ಆಗಿತ್ತು. ಅಜ್ಜ ಪ್ರತಿ ಮಳೆಗಾಲವೂ ತೀರ್ಥಹಳ್ಳಿ ಪೇಟೆಯಿಂದ ಮೈಲುತುತ್ತದ ಚೀಲಗಳನ್ನು ತರುತ್ತಿದ್ದದ್ದು ಈ ಸೈಡ್‌ಕಾರಿನ ಸೀಟಿನಲ್ಲೇ. ಚೀಲ ನೆನೆದು ಸೋರಿದ್ದು ಹಲಗೆಯ ಸಂದಿಯಿಂದ ಇಳಿದು ನೇರ ಆ ಕೊಳವೆಯ ಮೇಲೆ.

ಕಾರಣ ಗೊತ್ತಾದ ಮೇಲೆ ಮದ್ದೂ ಅಲ್ಲೇ ಸಿಕ್ಕಿತು. ಸಂದುಗೊಂದುಗಳಲ್ಲಿ ಉಪ್ಪು ಉಳಿದರೆ ಮೇಲೆ ಎಷ್ಟು ಪೇಂಟು ಬಳಿದರೂ ಒಳಗಿಂದ ತಿನ್ನುತ್ತಲೇ ಇರುತ್ತದೆ. ಚಾಸಿಸ್ಸನ್ನು ಸುಣ್ಣದ ತಿಳಿಯಲ್ಲಿ ತೊಳೆಯೋಣ ಎಂದವರು ಯಜಮಾನರೇ. ತೋಟದ ಬ್ಯಾರಲ್ಲಿನಲ್ಲಿ ಸುಣ್ಣ ಕಲಡಿ, ಒಂದು ರಾತ್ರಿ ಮುಳುಗಿಸಿಟ್ಟು, ಬೆಳಿಗ್ಗೆ ಪ್ರೆಶರ್ ಪಂಪಿನಲ್ಲಿ ಲಗ್ಗುಗಳ ಬಾಯಿಗೆ ನೀರು ಹೊಡೆದಾಗ ಹೊರಬಂದದ್ದು ತಿಳಿನೀಲಿ ಗಸಿ. ಮೂರನೆಯ ಸಲ ತೊಳೆದಾಗ ನೀರು ಬೆಳ್ಳಗೆ ಬಂತು. ನನ್ನ ಮೂವತ್ತು ವರ್ಷದ ಕಸುಬಿನಲ್ಲಿ ಮೋಟಾರ್ ಸೈಕಲ್ಲಿನ ಚಾಸಿಸ್ಸಿಗೆ ಬೋರ್ಡೋ ಉಪಚಾರ ಮಾಡಿದ್ದು ಇದೊಂದೇ.

ಸವೆದ ಕೊಳವೆ ಬದಲಿಸುವುದು ಹೇಗೆ ಎಂಬುದು ಇನ್ನೊಂದು ಜಗಳ. ಪಕ್ಕದ ಶೆಡ್ಡಿನ ಹುಡುಗರು "ಎಂಐಜಿ ವೆಲ್ಡಿಂಗ್ ಇದೆಯಲ್ಲಣ್ಣ, ಹತ್ತು ನಿಮಿಷದ ಕೆಲಸ" ಎಂದರು. ಹಳೆಯ ಚಾಸಿಸ್ಸುಗಳಲ್ಲಿ ಕೊಳವೆಗೆ ಕೊಳವೆ ನೇರ ಅಂಟಿಸಿರುವುದಿಲ್ಲ, ಎರಕದ ಲಗ್ಗಿನೊಳಗೆ ತೂರಿಸಿ, ಪಿನ್ನು ಹೊಡೆದು, ಹಿತ್ತಾಳೆಯಲ್ಲಿ ಬ್ರೇಜ್ ಮಾಡಿರುತ್ತಾರೆ. ಆ ಲಗ್ಗು ಮ್ಯಾಲಿಯಬಲ್ ಕಬ್ಬಿಣ, ಅಂದರೆ ಕಾಯಿಸಿ ಹದ ಮಾಡಿ ಬಿರುಸು ಕಳೆದ ಎರಕ. ವೆಲ್ಡಿಂಗಿನ ಉರಿಗೆ ಅದರ ಒಂದು ಪಟ್ಟಿ ಕರಗಿ ಸರ್ರನೆ ಆರಿದರೆ ಅಷ್ಟು ಭಾಗ ಮತ್ತೆ ಗಾಜಿನಂಥ ಬಿರುಸು ಎರಕವಾಗುತ್ತದೆ. ಕಣ್ಣಿಗೆ ಗಟ್ಟಿ, ಹೊಂಡಕ್ಕೆ ಇಳಿದ ದಿನ ಟಕ್ ಎನ್ನುತ್ತದೆ. ಬ್ರೇಜಿಂಗಿನಲ್ಲಿ ಕರಗುವುದು ಹಿತ್ತಾಳೆ ಮಾತ್ರ, ಲಗ್ಗು ಕೆಂಪಾಗುತ್ತದೆ ಅಷ್ಟೇ, ಕರಗುವುದಿಲ್ಲ. ಹಳೆಯ ವಿಧಾನ ಎಂಬ ಭಕ್ತಿಯಿಂದಲ್ಲ, ಇದೇ ಸರಿಯಾದ ವಿಧಾನ ಎಂದು ಬ್ರೇಜಿಂಗಿಗೆ ಹೋದೆವು.

ಭದ್ರಾವತಿಯ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರೊಬ್ಬರು ಸಿಕ್ಕರು. ಒಂದು ಷರತ್ತು ಹಾಕಿದರು: ಮಳೆ ಬಿಡಬೇಕು, ಗಾಳಿ ಇರಬಾರದು, ಹತ್ತಿರ ಯಾರೂ ಮಾತಾಡಬಾರದು. ಲಗ್ಗನ್ನು ಎರಡು ಕಡೆಯಿಂದ ಗ್ಯಾಸಿನಲ್ಲಿ ಕಾಯಿಸುತ್ತ, ಬಣ್ಣ ಮಾಗಿದ ಮಾವಿನಕಾಯಿಯ ಕೆನ್ನೆಗೆ ಬಂದಾಗ ಬಿಳಿಗಾರದ ಪುಡಿ ಮೆತ್ತಿದ ಹಿತ್ತಾಳೆ ಕಡ್ಡಿಯನ್ನು ಬಾಯಿಗೆ ಮುಟ್ಟಿಸಿದರು. ಕರಗಿದ ಹಿತ್ತಾಳೆ ಸಂದಿಯೊಳಗೆ ತಾನೇ ಎಳೆದುಕೊಂಡು ಹೋಯಿತು. ಆಚೆ ಬಾಯಿಯಲ್ಲಿ ದಾರದಂಥ ಒಂದು ಹಳದಿ ಗೆರೆ ಕಾಣಿಸಿಕೊಂಡಾಗ ಕಡ್ಡಿ ತೆಗೆದರು. "ಆಚೆ ಕಡೆ ಕಂಡ್ರೆ ಒಳಗೆಲ್ಲ ತುಂಬಿದೆ ಅಂತ. ಕಾಣದಿದ್ರೆ ದುಡ್ಡು ತಗೊಳಲ್ಲ" ಎಂದರು. ಕಂಡಿತು. ದುಡ್ಡು ತಗೊಂಡರು, ಕಡಿಮೆಯೇನೂ ಅಲ್ಲ.

ಎಂಜಿನ್ನಿನ ಒಳಗಿನ ಬಾಡಿಗೆದಾರ

ಎಂಜಿನ್ ಬಿಚ್ಚಿದರೆ ಒಳಗಿದ್ದದ್ದು ಬಿಎಸ್‌ಎ ಪಿಸ್ಟನ್ನೇ ಅಲ್ಲ. ಬೇರೆ ಯಾವುದೋ ಎಂಜಿನ್ನಿನ ಪಿಸ್ಟನ್ನನ್ನು ತಲೆ ತುರಿದು, ಪಿನ್ನಿಗೆ ಬುಷ್ ಹಾಕಿ, ಬೋರಿಗೆ ಸ್ಲೀವು (ಒಳಕೊಳವೆ) ತೂರಿಸಿ ಕೂರಿಸಿದ್ದರು. ಇಂಗ್ಲೆಂಡಿನ ಪಾರ್ಟು ಕನಸಿನ ಮಾತಾಗಿದ್ದ ದಿನಗಳಲ್ಲಿ ನಮ್ಮೂರಿನ ಯಾವನೋ ಮೇಸ್ತ್ರಿ ಮಾಡಿದ ಕೆಲಸ. ಲೇತಿನ ಗುರುತು ನೋಡಿದರೆ ಕೈ ಒಳ್ಳೆಯದೇ.

ಸ್ಥಳೀಯ ಸೈಡ್‌ಕಾರನ್ನು ಉಳಿಸಬೇಕು ಎಂದು ಅಷ್ಟು ವಾದಿಸಿದ ನಾನು ಸ್ಥಳೀಯ ಪಿಸ್ಟನ್ನನ್ನೂ ಉಳಿಸಬೇಕಲ್ಲವೇ? ಮಗ ಇದೇ ಪ್ರಶ್ನೆ ಹಾಕಿ ನನ್ನ ಬಾಯಿ ಮುಚ್ಚಿಸಿದ. ತೂಕ ಮಾಡಿ ನೋಡಿದೆವು. ಅಸಲಿ ಪಿಸ್ಟನ್ನಿಗಿಂತ 90 ಗ್ರಾಂ ಜಾಸ್ತಿ. ಒಂಟಿ ಸಿಲಿಂಡರಿನ ಎಂಜಿನ್ನಿನಲ್ಲಿ ಫ್ಲೈವೀಲನ್ನು ಒಂದು ನಿರ್ದಿಷ್ಟ ಪಿಸ್ಟನ್ ತೂಕಕ್ಕೆ ಸಮ ಮಾಡಿರುತ್ತಾರೆ. 90 ಗ್ರಾಂ ಹೆಚ್ಚಾದರೆ ನಡುಕ ಬಂದು ಬೇರಿಂಗಿಗೆ ಪೆಟ್ಟು. ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗು) ಸವೆದಿದ್ದಕ್ಕೆ ಇದೂ ಒಂದು ಕಾರಣ ಎಂದೇ ನನ್ನ ಎಣಿಕೆ. ಹಾಗಾಗಿ ಹೊಸ ಸ್ಲೀವು, 82 ಮಿ.ಮೀ. ಬೋರು, ಇಂಗ್ಲೆಂಡಿನಿಂದ ಸ್ಟ್ಯಾಂಡರ್ಡ್ ಪಿಸ್ಟನ್ನು. ಹಳೆಯದು ಈಗ ಯಜಮಾನರ ಶೋಕೇಸಿನಲ್ಲಿ, ಹುಡುಗನ ಟ್ರೋಫಿಗಳ ನಡುವೆ.

ಬೋಲ್ಟುಗಳು ತಾಳ್ಮೆ ಕೇಳಿದವು. ಮೆಟ್ರಿಕ್ ಸ್ಪ್ಯಾನರು ಇಲ್ಲಿ ಯಾವುದಕ್ಕೂ ಸರಿಯಾಗಿ ಕೂರದು. ಅಲ್ಯುಮಿನಿಯಂ ಕೇಸಿನೊಳಗೆ ಹೋಗುವುದು ಹಳೆಯ ಬ್ರಿಟಿಷ್ ಅಳತೆಯ ವಿಟ್ವರ್ತ್ ಥ್ರೆಡ್ಡು, 55 ಡಿಗ್ರಿ ಹಲ್ಲು. ಹೊರಗಿನ ಕಬ್ಬಿಣದ ಭಾಗಗಳಲ್ಲಿ ಹೆಚ್ಚಿನವು ಸೈಕಲ್ ಥ್ರೆಡ್ಡು, ಇಂಚಿಗೆ 26 ಹಲ್ಲು, 60 ಡಿಗ್ರಿ. ಸಿಕ್ಕ ಬೋಲ್ಟನ್ನು ಎರಡು ಸುತ್ತು ತಿರುಗಿಸಿ "ಹಿಡೀತು" ಎಂದು ಬಿಗಿದವರಿಂದಲೇ ಕೇಸುಗಳು ಹಾಳಾಗಿರುವುದು. ಮೂವತ್ತೊಂದು ಬೋಲ್ಟು ನಮ್ಮ ಲೇತಿನಲ್ಲೇ ಕೊಯ್ದೆ. ಹೊಳೆಯುವ ಸ್ಟೇನ್‌ಲೆಸ್ ಬಳಸಲಿಲ್ಲ, ಹೈ ಟೆನ್ಸೈಲ್ ಉಕ್ಕು ತಂದು ಕಪ್ಪು ಮಾಡಿಸಿದೆ.

ಟೈರಿಗೆ ಮಾತ್ರ ಓಡಾಡಬೇಕಾಗಲಿಲ್ಲ. 3.25-19 ಅಳತೆ ಬುಲೆಟ್ಟಿಗೂ ಬರುತ್ತಿದ್ದರಿಂದ ಗಾಂಧಿ ಬಜಾರಿಗೆ ಹೋಗಿ ಬರುವಷ್ಟೇ ಶ್ರಮ.

ಅಟ್ಟದ ಮೇಲಿನ ಮ್ಯಾಗ್ನೆಟೊ

ನನ್ನ ತಪ್ಪೊಂದನ್ನು ಇಲ್ಲಿ ಹೇಳಿಬಿಡಬೇಕು. ಎಂ20ಯ ಕಿಡಿ ಬರುವುದು ಲ್ಯೂಕಸ್ ಮ್ಯಾಗ್‌ಡೈನೊದಿಂದ. ಕೆಳಗೆ ಬ್ಯಾಟರಿಯಿಲ್ಲದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ, ಅದರ ಬೆನ್ನೇರಿ ಕೂತ 6 ವೋಲ್ಟಿನ ಡೈನಮೊ. ಗಾಡಿಯಲ್ಲಿ ಅದು ಇರಲಿಲ್ಲ, ಬದಲಿಗೆ ಬ್ಯಾಟರಿ ಕಾಯಿಲು ಸಿಗಿಸಿದ್ದರು. ಪರ ಊರಿನ ಒಬ್ಬ ಸ್ಪೇರ್ಸ್ ವ್ಯಾಪಾರಿ "ಎಂ20ದೇ, ಪ್ಯಾಕಿಂಗ್ ಬಿಚ್ಚಿಲ್ಲ" ಎಂದು ಒಂದನ್ನು ಮಾರಿದ. ಮುಂಗಡ ಹಣ, ವಾಪಸ್ ಇಲ್ಲ. ಫೋಟೋ ನೋಡಿ ಮರುಳಾದೆ. ಬಂದ ಮೇಲೆ ಮೈಮೇಲಿನ ಬಾಣದ ಗುರುತು ನೋಡಿದರೆ ತಿರುಗುವ ದಿಕ್ಕೇ ಉಲ್ಟಾ, ಬೇರೆ ಕಂಪನಿಯ ಎಂಜಿನ್ನಿಗೆ ಮಾಡಿದ್ದು. ಮ್ಯಾಗ್ನೆಟೊ ಯಾವ ದಿಕ್ಕಿಗೂ ತಿರುಗುತ್ತದೆ, ಆದರೆ ಅಯಸ್ಕಾಂತದ ಬಲ ನೆತ್ತಿಗೇರಿದ ಕ್ಷಣದಲ್ಲೇ ಪಾಯಿಂಟು (ಕರೆಂಟು ಕಡಿದು ಕಿಡಿ ಬರಿಸುವ ಸ್ವಿಚ್ಚು) ತೆರೆದುಕೊಳ್ಳಬೇಕು. ದಿಕ್ಕು ತಪ್ಪಿದರೆ ಆ ಕ್ಷಣ ತಪ್ಪುತ್ತದೆ, ಕಿಡಿ ಬಂದರೂ ಮಿಣುಕು ಹುಳದಷ್ಟೇ. ಬಾಣ ಕಾಣುವ ಫೋಟೋ ಕೇಳದೆ ದುಡ್ಡು ಕೊಟ್ಟದ್ದು ನನ್ನದೇ ದಡ್ಡತನ.

ಯಜಮಾನರಿಗೆ ಸಂಕೋಚದಿಂದಲೇ ತಿಳಿಸಿದೆ. ಅವರು ಸುಮ್ಮನೆ ಕೇಳಿಸಿಕೊಂಡರು. ಎರಡು ದಿನ ಬಿಟ್ಟು, ಮನೆಯಲ್ಲಿ ಅಮ್ಮನ ಹತ್ತಿರ ಈ ಕಥೆ ಹೇಳುತ್ತಿದ್ದಾಗ ಆಕೆ ಕೇಳಿದರಂತೆ: "ಬಚ್ಚಲ ಅಟ್ಟದ ಮೇಲೆ ಮಾವ ಒಂದು ಕಬ್ಬಿಣದ ಗಂಟು ಇಟ್ಟಿದ್ರಲ್ಲ, ಅದಲ್ವನಾ?"

ಬಚ್ಚಲೊಲೆಯ ಮೇಲಿನ ಅಟ್ಟ, ಹಲಸಿನ ಬೀಜ, ಒಣ ಮೆಣಸು ಇಡುವ ಜಾಗ. ಅಲ್ಲಿ ಗೋಣಿ ಸುತ್ತಿ, ಮಸಿ ಹಿಡಿದು ಕೂತಿತ್ತು ಅಸಲಿ ಮ್ಯಾಗ್‌ಡೈನೊ. ಅಜ್ಜನ ಬುದ್ಧಿಯನ್ನು ಮೆಚ್ಚಬೇಕು. ಮ್ಯಾಗ್ನೆಟೊದ ಶತ್ರು ತೇವ. ಒಳಗೆ ತಿರುಗುವ ತಂತಿಯುಂಡೆ, ಅಂದರೆ ಆರ್ಮೇಚರಿನ ಕೂದಲಿನಂಥ ತಂತಿಗೆ ಅರಗಿನ ಲೇಪ ಇರುತ್ತದೆ, ಮಲೆನಾಡಿನ ಆರು ತಿಂಗಳ ಥಂಡಿಯಲ್ಲಿ ಅದು ನೀರು ಕುಡಿದು ಮೆತ್ತಗಾಗುತ್ತದೆ. ಮನೆಯಲ್ಲಿ ವರ್ಷವಿಡೀ ಬೆಚ್ಚಗೆ ಒಣಗಿರುವ ಜಾಗ ಅದೊಂದೇ. ಇನ್ನೊಂದು ಒಳ್ಳೆಯ ಕೆಲಸ, ಆರ್ಮೇಚರನ್ನು ಹೊರಗೆ ಕಳಚಿರಲಿಲ್ಲ. ಕಳಚಿ ಹಾಗೇ ಬಿಟ್ಟರೆ ಅಯಸ್ಕಾಂತ ಸೋತುಹೋಗುತ್ತದೆ.

ಜೋಡಿಸಿ, ಪಾಯಿಂಟಿಗೆ 12 ಥೌ (ಇಂಚಿನ ಸಾವಿರ ಪಾಲಿನಲ್ಲಿ ಹನ್ನೆರಡು) ಗ್ಯಾಪು ಕೊಟ್ಟು ಕಿಕ್ ಹೊಡೆದರೆ ಮೂರನೆಯದಕ್ಕೆ ಎಂಜಿನ್ ಎದ್ದಿತು. ಶಾಪಿನಲ್ಲಿದ್ದವರೆಲ್ಲ ಚಪ್ಪಾಳೆ ಹೊಡೆದರು. ಹದಿನೈದು ನಿಮಿಷಕ್ಕೆ ಕೆಮ್ಮಿ ನಿಂತಿತು. ತಣ್ಣಗಾದ ಮೇಲೆ ಮತ್ತೆ ಎದ್ದಿತು, ಬಿಸಿಯಾದಾಗ ಮತ್ತೆ ಸತ್ತಿತು. ಇದು ಮ್ಯಾಗ್ನೆಟೊ ಬಲ್ಲವರಿಗೆ ಹಳೆಯ ರೋಗ: ಆರ್ಮೇಚರಿನ ಹೊಟ್ಟೆಯಲ್ಲಿರುವ ಕಂಡೆನ್ಸರು ಬಿಸಿಗೆ ಸೋರುತ್ತದೆ. ಬೆಂಗಳೂರಿಗೆ ಕಳಿಸಿ ತಂತಿ ಹೊಸದಾಗಿ ಸುತ್ತಿಸಿ, ಒಳಗೆ ಈಗಿನ ಕಾಲದ ಪುಟ್ಟ ಕಂಡೆನ್ಸರು ಇಡಿಸಿದೆ. ಅಲ್ಲಿ ಹಟ ಹಿಡಿಯಲಿಲ್ಲ. ಎಪ್ಪತ್ತು ವರ್ಷದ ಹಳೆಯ ಕಂಡೆನ್ಸರು ಎಲ್ಲಾದರೂ ಡಬ್ಬದಲ್ಲಿ ಸಿಕ್ಕರೂ ಅದು ಡಬ್ಬದೊಳಗೇ ಹಾಳಾಗಿರುತ್ತದೆ. ಪೆಟ್ರೋಲ್ ನಲ್ಲಿಯ ಬಿರಡೆಗೂ ಇದೇ ನ್ಯಾಯ. ಈಗಿನ ಪೆಟ್ರೋಲಿನಲ್ಲಿ ಶೇ. 20 ಎಥನಾಲ್, ನೀರು ಹೀರುವ ಸ್ವಭಾವದ್ದು, ಹಳೆಯ ಟ್ಯಾಂಕ್ ಲೇಪಗಳನ್ನು ಕರಗಿಸಿ ಜೆಟ್ಟಿಗೆ ತಂದು ತುರುಕುವಂಥದ್ದು. ಟ್ಯಾಂಕಿಗೆ ಒಳಲೇಪ ಹಾಕದೆ ಸೋರುವಲ್ಲಿ ಸೀಸದ ಬೆಸುಗೆ ಮಾತ್ರ ಹಾಕಿದೆವು. ಗಾಡಿ ನಿಲ್ಲಿಸಿಡುವಾಗ ಟ್ಯಾಂಕ್ ಬರಿದು ಮಾಡುವುದು ಯಜಮಾನರ ಜವಾಬ್ದಾರಿ.

ಹೊನ್ನೆ ಹಲಗೆ

ಸೈಡ್‌ಕಾರಿನ ಮೈ ಮರದ ಚೌಕಟ್ಟು, ಮೇಲೆ ತಗಡು. ಇಂಗ್ಲೆಂಡಿನಲ್ಲಾದರೆ ಆ್ಯಶ್ ಮರ. ಇಲ್ಲಿಯ ಕೈ ಬಳಸಿದ್ದು ಸಾಗುವಾನಿ ಮತ್ತು ಹೊನ್ನೆ. ಕೆಳಗಿನ ಎರಡು ಉದ್ದ ಪಟ್ಟಿಗಳನ್ನು ಗೆದ್ದಲು ಮುಗಿಸಿತ್ತು. ತಳದ ತಗಡನ್ನು ತಿರುವಿ ಹಾಕಿದರೆ ಒಳಮೈಯಲ್ಲಿ ಮಾಸಿದ ಕೆಂಪು ಅಕ್ಷರ, ಬರ್ಮಾ ಶೆಲ್ ಎಂದು. ಎಣ್ಣೆ ಡಬ್ಬ ಬಿಚ್ಚಿ ಹೊಡೆದ ತಗಡು! ಆ ತಗಡು ಪೂರ್ತಿ ಜೊಳ್ಳಾಗಿದ್ದರೂ ಅಕ್ಷರ ಇರುವ ಅಂಗೈಯಷ್ಟು ತುಂಡನ್ನು ಕತ್ತರಿಸಿ ಹೊಸ ತಗಡಿನ ಒಳಬದಿಗೆ ರಿವೆಟ್ ಹೊಡೆದೆವು. ಯಾರಿಗೂ ಕಾಣುವುದಿಲ್ಲ. ಇಲ್ಲಿ ಬರೆದೆನಲ್ಲ, ಸಾಕು.

ಮರದ ಕೆಲಸ ತೀರ್ಥಹಳ್ಳಿಯ ಆಚಾರ್ರದ್ದು. ಉಳಿದ ತುಂಡುಗಳನ್ನು ಅಚ್ಚು ಮಾಡಿಕೊಂಡು, ಮನೆಯ ಹಳೆಯ ಕೊಟ್ಟಿಗೆ ಬಿಚ್ಚಿದಾಗ ಉಳಿದಿದ್ದ ಸಾಗುವಾನಿ ತೊಲೆಯಿಂದಲೇ ಪಟ್ಟಿ ತೆಗೆದರು. ಕೂತವರ ಎದುರಿಗೆ ಬರುವ ಹೊನ್ನೆ ಹಲಗೆ ಮಾತ್ರ ಒಂದಿಷ್ಟೂ ಕೆಟ್ಟಿರಲಿಲ್ಲ. ಅದರಲ್ಲಿ ನಾಲ್ಕು ಬೆರಳ ಅಂತರದಲ್ಲಿ ಎರಡು ತೂತು. ಏನಕ್ಕೆಂದು ಗೊತ್ತಾಗಲಿಲ್ಲ. ಆಚಾರ್ರು ಹೊನ್ನೆಯ ಬೆಣೆ ಹೊಡೆದು ತುಂಬಿಸಿ, ಉಜ್ಜಿ, ಎಣ್ಣೆ ಕುಡಿಸಿದರು. ಎಲ್ಲಿತ್ತು ಎಂದು ಹುಡುಕಬೇಕು, ಹಾಗೆ.

ಮಟ್ಟಗೋಲು ಮತ್ತು ಮರಳು ಚೀಲ

ಸೈಡ್‌ಕಾರು ಜೋಡಿಸುವುದೆಂದರೆ ನಾಲ್ಕು ಕಡೆ ಬೋಲ್ಟು ಬಿಗಿಯುವುದು ಎಂದುಕೊಂಡಿದ್ದವರು ಒಂದು ಸಲ ಓಡಿಸಿ ನೋಡಲಿ. ಎಂ20ಯ ಫ್ರೇಮಿನಲ್ಲೇ ಅದಕ್ಕೆ ಲಗ್ಗುಗಳಿವೆ. ಕೆಳಗೆ ಎರಡು ಕಡೆ ಗುಂಡು ಜಾಯಿಂಟು, ಮೇಲೆ ಉದ್ದ ಹೆಚ್ಚುಕಡಿಮೆ ಮಾಡಬಹುದಾದ ಎರಡು ಸರಳು. ಹೊಂದಿಸಬೇಕಾದದ್ದು ಮೂರು.

ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದಿರಬೇಕು, ನಮ್ಮದು 5 ಇಂಚಿಗೆ ನಿಂತಿತು. ಎರಡನೆಯದು, ಆ ಚಕ್ರ ಮುಂದಕ್ಕೆ ಹೋದಂತೆ ಬೈಕಿನ ಕಡೆ ಚೂರು ಮುಖ ತಿರುಗಿಸಿರಬೇಕು. ಗಾರೆ ಮೇಸ್ತ್ರಿಯಿಂದ ಎರಡು ಅಲ್ಯುಮಿನಿಯಂ ಮಟ್ಟಗೋಲು ಎರವಲು ತಂದು, ಒಂದನ್ನು ಬೈಕಿನ ಎರಡೂ ಚಕ್ರಕ್ಕೆ, ಇನ್ನೊಂದನ್ನು ಸೈಡ್‌ಕಾರಿನ ಚಕ್ರಕ್ಕೆ ತಾಗಿಸಿಟ್ಟು ಮಧ್ಯದ ಅಂತರ ಅಳೆದೆವು. ಹಿಂದಿಗಿಂತ ಮುಂದೆ 20 ಮಿ.ಮೀ. ಕಡಿಮೆ ಮಾಡಿದೆವು. ಮೂರನೆಯದು, ಬೈಕು ಸೈಡ್‌ಕಾರಿನಿಂದ ಆಚೆಗೆ, ಅಂದರೆ ಬಲಕ್ಕೆ ಕೊಂಚ ವಾಲಿರಬೇಕು. ನಮ್ಮ ರಸ್ತೆಗಳು ನೀರು ಹರಿಯಲೆಂದು ಎಡಕ್ಕೆ ಇಳಿಜಾರು, ಜೊತೆಗೆ ಸೈಡ್‌ಕಾರೂ ಎಡಕ್ಕೆ ಎಳೆಯುತ್ತದೆ, ವಾಲಿಸದಿದ್ದರೆ ಕೈ ಬಿದ್ದುಹೋಗುತ್ತದೆ. ಒಂದೂವರೆ ಡಿಗ್ರಿ ಎಂದರೆ ಒಂದು ಮೀಟರ್ ಎತ್ತರಕ್ಕೆ 26 ಮಿ.ಮೀ. ತೂಗುಗುಂಡು ಇಳಿಬಿಟ್ಟು ಹಿಡಿದೆವು.

ಅಷ್ಟು ಮಾಡಿಯೂ ಗಾಡಿ ಎಡಕ್ಕೇ ಎಳೆಯಿತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಹೊಳೆಯಿತು: ಅಳತೆ ಹಿಡಿದದ್ದು ಖಾಲಿ ಗಾಡಿಗೆ. ಬೈಕಿನ ಹಿಂಭಾಗಕ್ಕೆ ಸ್ಪ್ರಿಂಗೇ ಇಲ್ಲ, ಅದು ಕುಸಿಯುವುದಿಲ್ಲ. ಜನ ಕೂತರೆ ಕುಸಿಯುವುದು ಸೈಡ್‌ಕಾರಿನ ಕಡೆ ಮಾತ್ರ, ವಾಲಿಸಿದ ಲೆಕ್ಕ ಅಲ್ಲಿಗೆ ಮುಗಿಯಿತು. ಸೀಟಿನಲ್ಲಿ ಯಜಮಾನರನ್ನು, ಸೈಡ್‌ಕಾರಿನಲ್ಲಿ 25 ಕಿಲೋದ ಎರಡು ಮರಳು ಚೀಲಗಳನ್ನು ಕೂರಿಸಿ ಮತ್ತೆ ಮೊದಲಿಂದ ಅಳೆದೆವು. ಎಂಜಿನ್ ಸ್ಪ್ರಾಕೆಟ್ಟನ್ನೂ ಎರಡು ಹಲ್ಲು ಕಡಿಮೆಯದಕ್ಕೆ ಇಳಿಸಿದೆವು. ವೇಗ ಹೋಯಿತು, ಎಳೆತ ಬಂತು.

ಮಂಡಗದ್ದೆ ದಾರಿಯಲ್ಲಿ, ಸಕ್ರೆಬೈಲು ದಾಟಿದ ಮೇಲಿನ ತಿರುವುಗಳಲ್ಲಿ ಪರೀಕ್ಷೆ. ಥ್ರಾಟಲ್ ಕೊಟ್ಟರೆ ಗಾಡಿ ಎಡಕ್ಕೆ, ಬ್ರೇಕ್ ಹಿಡಿದರೆ ಬಲಕ್ಕೆ. ಸೈಡ್‌ಕಾರಿನ ಚಕ್ರಕ್ಕೆ ಬ್ರೇಕಿಲ್ಲ, ಬೈಕು ನಿಂತರೂ ಅದು ಮುಂದೆ ನುಗ್ಗುತ್ತದೆ. ಎಡ ತಿರುವಿನಲ್ಲಿ ಚೂರು ಜೋರಾಗಿ ಹೋದರೆ ಸೈಡ್‌ಕಾರಿನ ಚಕ್ರ ನೆಲ ಬಿಡುತ್ತದೆ. ಮರಳು ಚೀಲ ಇಳಿಸಿ ಒಂದು ಸಲ ನೋಡೋಣ ಎಂದು ಹೋದ ಮಗ ವಾಪಸು ಬಂದಾಗ ಮುಖ ಬಿಳುಚಿತ್ತು. "ಇದು ಬೈಕಲ್ಲ ಅಂಕಲ್" ಎಂದ. ಸೆಲ್ಫ್ ಸ್ಟಾರ್ಟಿನ ಮಾತು ಆಮೇಲೆ ಎತ್ತಲಿಲ್ಲ. ಆಗುಂಬೆ ಘಾಟಿಯ 14 ತಿರುವು ಇಳಿಸಬೇಕೆಂಬ ಆಸೆ ಅವನಿಗೆ ಇನ್ನೂ ಇದೆ. ಇಷ್ಟು ಭಾರಕ್ಕೆ ಆ ಡ್ರಮ್ ಬ್ರೇಕು ನಂಬಿ ಘಾಟಿ ಇಳಿಸಲು ನಾನಂತೂ ಒಪ್ಪುವುದಿಲ್ಲ. ವಿಂಟೇಜ್ ಗಾಡಿಯನ್ನು ದಿನಬಳಕೆಗೆ ಓಡಿಸುವಂತೆಯೂ ಇಲ್ಲ. ಪ್ರದರ್ಶನ, ರ‍್ಯಾಲಿ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ಮಾತ್ರ.

2025ರ ಡಿಸೆಂಬರಿನಲ್ಲಿ ಗಾಡಿ ಮನೆ ಸೇರಿತು. ಒಂದು ವಾರ ನಿಂತರೆ ಆಯಿಲ್ ಟ್ಯಾಂಕಿನ ಎಣ್ಣೆಯೆಲ್ಲ ಪಂಪಿನ ವಾಲ್ವಿನಲ್ಲಿ ಜಿನುಗಿ ಎಂಜಿನ್ ಕೇಸಿಗೆ ಇಳಿಯುತ್ತದೆ, ಇಳಿದದ್ದನ್ನು ತೆಗೆಯದೆ ಕಿಕ್ ಹೊಡೆದರೆ ಹೊಗೆಯೋ ಹೊಗೆ. ನಡುವೆ ಒಂದು ನಲ್ಲಿ ಹಾಕಬಹುದಿತ್ತು. ತೆರೆಯಲು ಮರೆತ ದಿನ ಎಂಜಿನ್ ಸುಟ್ಟುಹೋಗುತ್ತದೆ ಎಂದು ಹಾಕಲಿಲ್ಲ. ಗೇರ್‌ಬಾಕ್ಸಿನಡಿ ಒಂದು ತಟ್ಟೆ ಇಟ್ಟಿರುತ್ತಾರೆ. ಆ ಸೋರಿಕೆ ನನ್ನ ಕೈಯಲ್ಲಿ ನಿಲ್ಲಲಿಲ್ಲ.

ಅಂಗಳದಲ್ಲಿ ಅಡಿಕೆ ಹರವಿದ್ದರು. ಅದನ್ನು ಒಂದು ಕಡೆ ಸರಿಸಿ ದಾರಿ ಮಾಡಿ, ಅಮ್ಮನನ್ನು ಕೈ ಹಿಡಿದು ಸೈಡ್‌ಕಾರಿನಲ್ಲಿ ಕೂರಿಸಿದರು. ಎಂಬತ್ತನಾಲ್ಕು ವರ್ಷ. ಮದುವೆಯಾಗಿ ಈ ಮನೆಗೆ ಬಂದದ್ದು ಇದರಲ್ಲೇ ಅಂತೆ. ಸೀರೆ ಸರಿಮಾಡಿಕೊಂಡು ಕೂತವರು ಎಡಗೈಯನ್ನು ಎದುರಿನ ಹಲಗೆಗೆ ಚಾಚಿ ಏನನ್ನೋ ಹುಡುಕಿದರು. ಬೆರಳು ಹೋಗಿ ನಿಂತದ್ದು ಆಚಾರ್ರು ಬೆಣೆ ಹೊಡೆದ ಜಾಗದಲ್ಲೇ.

"ಇಲ್ಲೊಂದು ಹಿತ್ತಾಳೆ ಹಿಡಿ ಇತ್ತಲ್ಲ, ಎಲ್ಲಿ ಹಾಕಿದ್ರಿ?"

ಮನೆಯ ಉಗ್ರಾಣದ ಬಾಗಿಲಿಗೆ ಎರಡು ರೆಕ್ಕೆ. ಒಂದಕ್ಕೆ ಹಿತ್ತಾಳೆ ಹಿಡಿಕೆ ಇದೆ, ಇನ್ನೊಂದಕ್ಕೆ ಇಲ್ಲ. ಯಜಮಾನರು ಹುಟ್ಟಿದಾಗಿನಿಂದ ಹಾಗೇ ನೋಡಿದ್ದರಂತೆ. ಅಳತೆ ಹಿಡಿದೆ, ನಾಲ್ಕು ಬೆರಳು. ಆ ಶನಿವಾರ ಆಚಾರ್ರು ಬಂದು, ತಾವೇ ತುಂಬಿಸಿದ ಎರಡು ತೂತನ್ನು ಗೊಣಗುತ್ತ ಮತ್ತೆ ಕೊರೆದರು.